ಹಿಂದಿನ ವಿಮಾನ ಯಾರದು ಸ್ವಾಮಿ?

ನಮಸ್ಕಾರ, ಬಳ್ಳಾರಿಯಿಂದ. ಇವತ್ತು ಫ್ಯಾನ್ ಆಫ್ ಮಾಡಿಕೊಂಡು ಕೂತಿದ್ದೇನೆ. ಹೋದ ಸಂಚಿಕೆಯಲ್ಲಿ ನನ್ನ ಮಾತಿಗಿಂತ ಫ್ಯಾನ್ ಸದ್ದೇ ಜಾಸ್ತಿ ಕೇಳಿಸಿತು ಅಂತ ನೀವೇ ಬೈದಿರಿ. ಈ ಊರಿನ ಬಿಸಿಲಲ್ಲಿ ಫ್ಯಾನ್ ಇಲ್ಲದೆ ಕೂತವನಿಗೆ ಒಂದು ಸಬ್‌ಸ್ಕ್ರೈಬ್ ಮಾಡುವುದು ದೊಡ್ಡ ಮಾತಲ್ಲ, ಅಲ್ವಾ? ಇವತ್ತು ನನ್ನ ಮುಖ ಕೆಂಪಗೆ ಕಂಡರೆ ಅರ್ಧ ತಪ್ಪು ಸೆಕೆಯದು.

ಉಳಿದ ಅರ್ಧ ಒಂದು ಕಾಮೆಂಟಿನದು. ವಿಮಾನ ಯಾಕೆ ಯಾವಾಗಲೂ ತಡ ಅಂತ ಒಂದು ಚಿಕ್ಕ ತುಣುಕು ಹಾಕಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ಮಂಜು ಬಿದ್ರೆ ಕಂಪನಿಯವರು ಏನ್ ಮಾಡ್ತಾರೆ? ಬಸ್ಸಲ್ಲಿ ಓಡಾಡೋ ನಮಗ್ಯಾಕೆ ಇದೆಲ್ಲ?" ಬರೆಯಲಿ, ತೊಂದರೆ ಇಲ್ಲ. ನನ್ನ ವಿಡಿಯೋಗಿಂತ ಆ ಕಾಮೆಂಟಿಗೆ ಲೈಕ್ ಜಾಸ್ತಿ ಬಿದ್ದಿವೆ. ಹೊಟ್ಟೆ ಉರಿದದ್ದು ಅದಕ್ಕೆ.

ಮೊದಲು ಬಸ್ಸಿನ ವಿಷಯ. ನಮ್ಮೂರಿನ ಜೀನ್ಸ್ ಯೂನಿಟ್‌ನವರು ಬಟ್ಟೆಗೆ ಅಹಮದಾಬಾದಿಗೆ ಹೋಗುತ್ತಾರೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಎಲ್ಲೆಲ್ಲಿಂದಲೋ ಬಂದ ಎಂಜಿನಿಯರುಗಳಿದ್ದಾರೆ. ರಾಯಚೂರಿನವರು ಗಲ್ಫಿಗೆ ಹೋಗಬೇಕೆಂದರೆ ಹೈದರಾಬಾದಿಗೆ ಓಡುತ್ತಾರೆ. ಬೆಂಗಳೂರು ನಮಗೆ 300 ಕಿಲೋಮೀಟರ್. ರಾತ್ರಿ ಬಸ್ಸಿಗೆ ಹತ್ತಿ, ಬೆಂಗಳೂರಲ್ಲಿ ಇಳಿದು, ಇನ್ನೊಂದು ಬಸ್ ಹಿಡಿದು ದೇವನಹಳ್ಳಿ ವಿಮಾನ ನಿಲ್ದಾಣ ಮುಟ್ಟುವ ಹೊತ್ತಿಗೆ ಸೊಂಟ ಬಿದ್ದಿರುತ್ತದೆ. ಬೆಂಗಳೂರಿನವನಿಗೆ ವಿಮಾನ ಎರಡು ಗಂಟೆ ತಡವಾದರೆ ಮನೆಯಲ್ಲೇ ಇನ್ನೊಂದು ದೋಸೆ ತಿನ್ನುತ್ತಾನೆ. ನಾವು ಎಲ್ಲಿಗೆ ಹೋಗೋಣ? ಬಸ್ಸಲ್ಲಿ ಓಡಾಡುವವನಿಗೇ ವಿಮಾನದ ತಡ ಎಲ್ಲರಿಗಿಂತ ಜಾಸ್ತಿ ತಟ್ಟುವುದು.

ಈಗ ಅಸಲಿ ವಿಷಯ. ನಿಲ್ದಾಣದಲ್ಲಿ ಒಂದು ಘೋಷಣೆ ಬರುತ್ತದೆ, ತುಂಬ ಮೃದುವಾದ ದನಿಯಲ್ಲಿ. "ಹಿಂದಿನ ವಿಮಾನ ತಡವಾಗಿ ಬರುತ್ತಿರುವ ಕಾರಣ ನಿಮ್ಮ ವಿಮಾನ ತಡವಾಗಿದೆ." ಎಲ್ಲರೂ "ಓಹೋ ಹೌದಾ" ಅಂತ ತಲೆ ಆಡಿಸಿ ಫೋನ್ ನೋಡುತ್ತಾರೆ. ನಾನೊಬ್ಬ ಮಾತ್ರ ಕೂತಲ್ಲೇ ಕುದಿಯುತ್ತೇನೆ. ಆ ಹಿಂದಿನ ವಿಮಾನ ಯಾರದು ಸ್ವಾಮಿ? ಪಕ್ಕದ ಮನೆಯವರದಾ? ನಿಮ್ಮದೇ ಅಲ್ವಾ? ನಿಮ್ಮದೇ ವಿಮಾನ, ನಿಮ್ಮದೇ ಪೈಲಟ್, ನೀವೇ ಬರೆದ ಟೈಂಟೇಬಲ್. ಅದು ತಡವಾಗಿದ್ದಕ್ಕೆ ಇದು ತಡ ಅಂದರೆ ಕಾರಣ ಹೇಳಿದ ಹಾಗಾಯಿತಾ?

ಇದು ನನ್ನ ಕಲ್ಪನೆ ಅಲ್ಲ. ವಿಮಾನಯಾನ ನಿರ್ದೇಶನಾಲಯ, ಅಂದರೆ ನಮ್ಮ ಡಿಜಿಸಿಎ, ತಿಂಗಳಿಗೊಂದು ವರದಿ ಹಾಕುತ್ತದೆ. ವಿಮಾನಗಳು ಯಾಕೆ ತಡವಾದವು ಅಂತ ಅದರಲ್ಲಿ ಒಂದು ದುಂಡನೆಯ ಚಿತ್ರ ಇರುತ್ತದೆ. ಹವಾಮಾನಕ್ಕೆ ಒಂದು ತುಂಡು, ಎಟಿಸಿಗೆ, ಅಂದರೆ ನೆಲದಿಂದ ವಿಮಾನಗಳಿಗೆ ದಾರಿ ಹೇಳುವವರಿಗೆ, ಒಂದು ತುಂಡು, ತಾಂತ್ರಿಕ ದೋಷಕ್ಕೆ ಒಂದು ತುಂಡು. ಇವೆಲ್ಲ ಚಿಕ್ಕ ಚಿಕ್ಕವು. ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಜಾಗ ತಿನ್ನುವ ತುಂಡಿನ ಹೆಸರು ರಿಯಾಕ್ಷನರಿ, ಅಂದರೆ ಹಿಂದಿನ ತಡದಿಂದ ಹುಟ್ಟಿದ ತಡ. ಬೆಳಗ್ಗಿನ ತಡ ಮಧ್ಯಾಹ್ನಕ್ಕೆ, ಮಧ್ಯಾಹ್ನದ್ದು ರಾತ್ರಿಗೆ. ಅಮೆರಿಕದಲ್ಲೂ ಇದೇ ಕಥೆ. ಅಲ್ಲಿ 2003ರಿಂದ ತಡದ ಕಾರಣಗಳನ್ನು ಐದು ಖಾನೆಗಳಲ್ಲಿ ಬರೆಸುತ್ತಾರೆ. ಅಲ್ಲೂ "ವಿಮಾನ ತಡವಾಗಿ ಬಂತು" ಅನ್ನುವ ಖಾನೆ ಉಬ್ಬಿರುತ್ತದೆ, ತೀವ್ರ ಹವಾಮಾನದ ಖಾನೆ ಸಣ್ಣದು.

ಬೆಳಗ್ಗಿನ ತಡ ರಾತ್ರಿವರೆಗೆ ಯಾಕೆ ಬರುತ್ತದೆ? ಒಂದೇ ವಿಮಾನ ಬೆಳಗ್ಗೆ ಐದೂವರೆಗೆ ಶುರು ಮಾಡಿ ರಾತ್ರಿವರೆಗೆ ಊರಿಂದೂರಿಗೆ ಹಾರುತ್ತಲೇ ಇರುತ್ತದೆ. ದಿನಕ್ಕೆ ಐದು, ಆರು ಹಾರಾಟ. ಕಡಿಮೆ ದರದ ಕಂಪನಿಗಳಲ್ಲಿ ಮಧ್ಯೆ ನೆಲದ ಮೇಲೆ ಕೊಡುವ ಹೊತ್ತು 25 ರಿಂದ 30 ನಿಮಿಷ. ಅಷ್ಟರಲ್ಲಿ 180 ಜನ ಇಳಿಯಬೇಕು. ಬ್ಯಾಗು ಇಳಿಯಬೇಕು, ಕಸ ಗುಡಿಸಬೇಕು, ಇಂಧನ ತುಂಬಬೇಕು, ಮತ್ತೆ 180 ಜನ ಹತ್ತಬೇಕು. ಆ 180ರಲ್ಲಿ ಒಬ್ಬರು ತಲೆ ಮೇಲಿನ ಗೂಡಿಗೆ ಅಕ್ಕಿ ಮೂಟೆಯಷ್ಟು ದೊಡ್ಡ ಬ್ಯಾಗು ತುರುಕಲು ನೋಡುತ್ತಿರುತ್ತಾರೆ. ನೀವು ನೋಡಿದ್ದೀರಿ. ನೀವೇ ಅವರೂ ಇರಬಹುದು, ನಾನು ಬೈಯುವುದಿಲ್ಲ. ಅಲ್ಲಿ ಹತ್ತು ನಿಮಿಷ ಹೋಯಿತು ಅಂದರೆ ಹೋಯಿತು. ಮುಂದೆ ಅದು ವಾಪಸ್ ಸಿಗುವುದು ಕಷ್ಟ.

ಒಬ್ಬನೇ ಅಡುಗೆ ಭಟ್ಟರನ್ನು ಒಂದೇ ದಿನ ಆರು ಮದುವೆಗೆ ಒಪ್ಪಿಸಿದ ಹಾಗೆ ಇದು. ಮೊದಲ ಮದುವೆಯಲ್ಲಿ ಗ್ಯಾಸ್ ಖಾಲಿಯಾದರೆ ಆರನೇ ಮದುವೆಯವರು ರಾತ್ರಿ ಹನ್ನೊಂದಕ್ಕೆ ಖಾಲಿ ಎಲೆ ಮುಂದೆ ಕೂತಿರುತ್ತಾರೆ. ತಪ್ಪು ಗ್ಯಾಸಿನದಾ, ಆರು ಕಡೆ ಅಡ್ವಾನ್ಸ್ ಈಸಿಕೊಂಡವನದಾ?

ಈಗ ಮಂಜಿಗೆ ಬರೋಣ. ಕಾಮೆಂಟ್ ಬರೆದ ಅಣ್ಣನ ಬ್ರಹ್ಮಾಸ್ತ್ರ ಅದೇ ಅಲ್ವಾ. ದೆಹಲಿಯಲ್ಲಿ ಡಿಸೆಂಬರ್, ಜನವರಿಯಲ್ಲಿ ಮಂಜು ಬೀಳುತ್ತದೆ. ಇದು ಗುಪ್ತ ಮಾಹಿತಿ ಏನಲ್ಲ, ಕ್ಯಾಲೆಂಡರ್ ಇಟ್ಟುಕೊಂಡವರಿಗೆಲ್ಲ ಗೊತ್ತು. ಮಂಜಲ್ಲೂ ಇಳಿಸಬಹುದು. ಕ್ಯಾಟ್ 3 ಅನ್ನುವ ವ್ಯವಸ್ಥೆ ಇದೆ, ದೆಹಲಿಯ ರನ್‌ವೇಯಲ್ಲೂ ಇದೆ. ಅದಕ್ಕೆ ತಕ್ಕ ಉಪಕರಣ ಇರುವ ವಿಮಾನ ಬೇಕು, ತರಬೇತಿ ಆದ ಪೈಲಟ್ ಬೇಕು. 2023ರ ಡಿಸೆಂಬರ್ ಕೊನೆಯಲ್ಲಿ ಏನಾಯಿತು? ಮಂಜಿನ ಹೊತ್ತಿಗೆ ಏರ್ ಇಂಡಿಯಾ ಮತ್ತು ಸ್ಪೈಸ್‌ಜೆಟ್ ಈ ತರಬೇತಿ ಇಲ್ಲದ ಪೈಲಟ್‌ಗಳನ್ನು ಹಾಕಿದ್ದವು. ಡಿಜಿಸಿಎ ಎರಡಕ್ಕೂ ತಲಾ 30 ಲಕ್ಷ ರೂಪಾಯಿ ದಂಡ ಹಾಕಿತು. ಮಂಜು ದೇವರದು, ಒಪ್ಪಿದೆ. ಡ್ಯೂಟಿ ಪಟ್ಟಿ ಯಾರದು? ಅದನ್ನೂ ದೇವರೇ ಬರೆದನಾ?

"ಎಟಿಸಿ ಕಾಯಿಸುತ್ತಾರೆ" ಅನ್ನುತ್ತೀರಿ. ಕಾಯಿಸುತ್ತಾರೆ. 2025ರ ನವೆಂಬರ್ 7ರಂದು ದೆಹಲಿಯಲ್ಲಿ ಸಂದೇಶ ರವಾನಿಸುವ ವ್ಯವಸ್ಥೆ ಕೈಕೊಟ್ಟು 800ಕ್ಕೂ ಜಾಸ್ತಿ ವಿಮಾನ ತಡವಾದವು. ಅದು ಆ ದಿನದ ಅನಾಹುತ. ನಾನು ಮಾತಾಡುತ್ತಿರುವುದು ಸೋಮವಾರ, ಮಂಗಳವಾರ, ಬುಧವಾರದ ತಡದ ಬಗ್ಗೆ. "ಮುಂಬೈ ರನ್‌ವೇ" ಅನ್ನುತ್ತೀರಿ. ಅಲ್ಲಿ ಎರಡು ರನ್‌ವೇ ಒಂದನ್ನೊಂದು ಅಡ್ಡ ಹಾಯುತ್ತವೆ, ಹಾಗಾಗಿ ಒಂದು ಸಲಕ್ಕೆ ಒಂದೇ ಬಳಕೆ. ನಿಜ. ಆ ರನ್‌ವೇಗಳು ನಿನ್ನೆ ರಾತ್ರಿ ಹೋಗಿ ಅಡ್ಡ ಮಲಗಿದವಾ? ಇಳಿಯುವುದು, ಹಾರುವುದು ಎರಡೂ ಸೇರಿ ಗಂಟೆಗೆ 46 ಸಲ ನಡೆಯುತ್ತಿತ್ತು. 2024ರಲ್ಲಿ ಸರ್ಕಾರವೇ ದಟ್ಟಣೆ ಹೊತ್ತಿನಲ್ಲಿ 44ಕ್ಕೆ ಇಳಿಸಿ ಅಂದಿತು. ಜಾಗ ಇಲ್ಲ ಅಂತ ಗೊತ್ತಿದ್ದೂ ಟಿಕೆಟ್ ಮಾರಿದವರು ಯಾರು? ಮುಂದಿನ ಪ್ರಶ್ನೆ.

ಒಂದು ನಿಮಿಷ. ಬೆಲ್ ಒತ್ತಿದ್ದೀರಾ? ಒತ್ತಿ. ಮುಂದಿನ ಸಂಚಿಕೆ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಬಗ್ಗೆ, 2024ರ ಆಗಸ್ಟಲ್ಲಿ ಕೊಚ್ಚಿಹೋಯಿತಲ್ಲ, ಅದು. ತಪ್ಪಿಸಿಕೊಳ್ಳಬೇಡಿ. ಈ ಸಂಚಿಕೆಗೆ ಪ್ರಾಯೋಜಕರು ಯಾರೂ ಇಲ್ಲ. ಇನ್ನು ಮುಂದೆ ವಿಮಾನ ಕಂಪನಿಯವರಂತೂ ಬರುವುದಿಲ್ಲ. ಮಂಡಕ್ಕಿ ಒಗ್ಗರಣೆ ಅಂಗಡಿಯವರು ಯಾರಾದರೂ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ, ಮಿರ್ಚಿ ಕೊಟ್ಟರೂ ಸಾಕು.

ಡಿಸೆಂಬರ್ 2025. ಇದನ್ನು ಯಾರೂ ಮರೆತಿಲ್ಲ. ಪೈಲಟ್‌ಗಳಿಗೆ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ಹೊತ್ತು ವಿಮಾನ ಇಳಿಸುವುದು ಆರು ಸಲದಿಂದ ಎರಡು ಸಲಕ್ಕೆ ಇಳಿಯಿತು. ಈ ನಿಯಮ ಹೊರಬಂದದ್ದು 2024ರ ಜನವರಿಯಲ್ಲಿ, ಪೂರ್ತಿ ಜಾರಿಯಾದದ್ದು 2025ರ ನವೆಂಬರ್ 1ಕ್ಕೆ. ಸುಮಾರು ಎರಡು ವರ್ಷ ಟೈಮಿತ್ತು. ದೇಶದೊಳಗೆ ಹಾರುವ ನೂರು ಜನರಲ್ಲಿ ಅರವತ್ತಕ್ಕಿಂತ ಜಾಸ್ತಿ ಜನರನ್ನು ಹೊತ್ತೊಯ್ಯುವ ಇಂಡಿಗೋ ಪೈಲಟ್‌ಗಳನ್ನು ಹೊಂದಿಸಿಕೊಳ್ಳಲಿಲ್ಲ. ಹಾರಾಟ ಮಾತ್ರ ಕಡಿಮೆ ಮಾಡಲಿಲ್ಲ. ಡಿಸೆಂಬರ್ 4ರಂದು ಆರು ದೊಡ್ಡ ನಿಲ್ದಾಣಗಳಲ್ಲಿ ಅವರ ವಿಮಾನ ಸಮಯಕ್ಕೆ ಹೊರಟದ್ದು ಶೇಕಡಾ 8.5. ನೂರಕ್ಕೆ ಒಂಬತ್ತೂ ಇಲ್ಲ! ಸಾವಿರಾರು ವಿಮಾನ ರದ್ದು. ಮದುವೆಗೆ ಹೊರಟವರು, ಪರೀಕ್ಷೆಗೆ ಹೊರಟವರು ನೆಲದ ಮೇಲೆ ಮಲಗಿದರು. ಅವತ್ತು ಮಂಜು ಎಲ್ಲಿತ್ತು ಅಣ್ಣಾ?

ಕೆಲವರು ಅಂದರು, ಪೈಲಟ್‌ಗಳಿಗೆ ರೆಸ್ಟ್ ಕೊಟ್ಟದ್ದೇ ತಪ್ಪು ಅಂತ. ಸರಿ ಬಿಡಿ. ನಿದ್ದೆಗೆಟ್ಟ ಪೈಲಟ್ ಬೇಕು ಅನ್ನುವವರು ಮೊದಲ ಸಾಲಿನಲ್ಲಿ ಕೂತುಕೊಳ್ಳಿ.

ಸರ್ಕಾರ ಸುಮ್ನೆ ಕೂತಿರಲಿಲ್ಲ, ಅದೂ ನಿಜ. ಇಂಡಿಗೋದ ಹಾರಾಟ ಶೇಕಡಾ 10 ಕಡಿಮೆ ಮಾಡಿ ಅಂದಿತು. 22.20 ಕೋಟಿ ರೂಪಾಯಿ ದಂಡ ಹಾಕಿತು. 2024-25ರಲ್ಲಿ ಆ ಕಂಪನಿಯ ಲಾಭ 7,000 ಕೋಟಿ ಮೀರಿತ್ತು. ಲೆಕ್ಕ ನೀವೇ ಹಾಕಿಕೊಳ್ಳಿ, ನನಗೆ ಸೆಕೆಯಲ್ಲಿ ಆಗುವುದಿಲ್ಲ. ಇನ್ನೊಂದು ಮಾತು. ಆ ಚಳಿಗಾಲದ ಟೈಂಟೇಬಲ್‌ಗೆ ಒಪ್ಪಿಗೆ ಕೊಟ್ಟದ್ದು ಇದೇ ಡಿಜಿಸಿಎ. ಅದಕ್ಕೆ ಸಹಿ ಹಾಕಿದವರೂ ಈ ತಪ್ಪಿನ ಪಾಲುದಾರರೇ.

ನಮ್ಮ ಕಡೆ ನೋಡಿ. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ 2017ರಲ್ಲಿ, ಚಿಕ್ಕ ಊರುಗಳಿಗೆ ವಿಮಾನ ತರುವ ಸರ್ಕಾರದ ಉಡಾನ್ ಯೋಜನೆಯಲ್ಲಿ, ಟ್ರೂಜೆಟ್ ಕಂಪನಿ ಬಂತು. ಪುಟ್ಟ ಎಟಿಆರ್ ವಿಮಾನ, ಬೆಂಗಳೂರಿಗೂ ಹೈದರಾಬಾದಿಗೂ. 2022ರಲ್ಲಿ ಆ ಕಂಪನಿ ಹಾರುವುದನ್ನೇ ನಿಲ್ಲಿಸಿತು. ಚಿಕ್ಕ ಊರಿನ ಹಾರಾಟ ಅಂದರೆ ಹೀಗೆ. ಒಂದೇ ವಿಮಾನ ಮೂರು ಊರು ಸುತ್ತುತ್ತದೆ, ಅದಕ್ಕೆ ಬದಲಿ ಇರುವುದಿಲ್ಲ. ಮೊದಲ ಊರಲ್ಲಿ ತಡವಾದರೆ ನಾವು ಕಾಯಬೇಕು. ಜಾಸ್ತಿ ತಡವಾದರೆ ಬಿಟ್ಟುಹೋಗುವ ಊರೂ ನಮ್ಮದೇ. ದೆಹಲಿಯ ಪ್ರಯಾಣಿಕ ಅತ್ತರೆ ಟೀವಿಯಲ್ಲಿ ಬರುತ್ತದೆ. ತೋರಣಗಲ್ಲಿನವನು ಅತ್ತರೆ ಆಟೋದವನು ಎಷ್ಟು ಕೊಡ್ತೀರಿ ಅಂತ ಕೇಳುತ್ತಾನೆ. ರಾಯಚೂರಿನವರೇ, ನಗಬೇಡಿ, ನಿಮ್ಮ ಯರಮರಸ್ ನಿಲ್ದಾಣದ ಕಥೆಗೆ ಇನ್ನೊಂದು ಸಂಚಿಕೆಯಲ್ಲಿ ಬರುತ್ತೇನೆ. ವಿಮಾನ ನಿಲ್ದಾಣಕ್ಕೆ ಅಂತ ತೆಗೆದುಕೊಂಡ ನಮ್ಮ ಚಾಗನೂರು-ಸಿರಿವಾರದ ಭೂಮಿಯ ಕಥೆಗೂ ಬರುತ್ತೇನೆ. ತಡ ಅಂದರೆ ಅದಪ್ಪಾ ತಡ.

ಇನ್ನು ಕಾಗದದ ಮೇಲಿನ ಆಟ. 15 ನಿಮಿಷದೊಳಗೆ ಹೊರಟರೆ ಅದು ತಡ ಅಂತ ಲೆಕ್ಕಕ್ಕೇ ಇಲ್ಲ. ಬೆಂಗಳೂರಿಂದ ಹೈದರಾಬಾದಿಗೆ ಆಕಾಶದಲ್ಲಿ ಇರುವುದು ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ. ಟಿಕೆಟ್‌ನಲ್ಲಿ ಒಂದು ಗಂಟೆ ದಾಟಿಸಿ ಬರೆದಿರುತ್ತಾರೆ. ತಡವಾಗಿ ಹೊರಟು "ಸಮಯಕ್ಕೆ ಸರಿಯಾಗಿ ತಲುಪಿದ್ದೇವೆ" ಅಂತ ಚಪ್ಪಾಳೆ ಬೇರೆ. ಆಕಾಶದಲ್ಲಿ ಇಷ್ಟು ಧಾರಾಳ ಇರುವವರು ನೆಲದ ಮೇಲೆ ಇನ್ನೊಂದು ಕಾಲು ಗಂಟೆ ಕೊಡಬಾರದಾ? ಕೊಡುವುದಿಲ್ಲ. ನೆಲದ ಮೇಲೆ ನಿಂತ ವಿಮಾನ ದುಡಿಯುವುದಿಲ್ಲ.

ಯುರೋಪಿನಲ್ಲಿ ಮೂರು ಗಂಟೆ ತಡವಾಗಿ ತಲುಪಿಸಿದರೆ, ತಪ್ಪು ಕಂಪನಿಯದಾದರೆ, ಒಬ್ಬೊಬ್ಬರಿಗೆ 250 ರಿಂದ 600 ಯೂರೋ ಕೊಡಬೇಕು. ನಮ್ಮಲ್ಲಿ? ತಡಕ್ಕೆ ಕೈಗೆ ದುಡ್ಡಿಲ್ಲ. ಚಿಕ್ಕ ಹಾರಾಟಕ್ಕೆ ಎರಡು ಗಂಟೆ ದಾಟಿದ ಮೇಲೆ ತಿಂಡಿ. ಆರು ಗಂಟೆ ದಾಟಿದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ದುಡ್ಡು ವಾಪಸ್. ಕೇಳಿ ಪಡೆಯಿರಿ, ನಿಮ್ಮ ಹಕ್ಕು ಅದು. ನನಗೆ ಒಮ್ಮೆ ಸಿಕ್ಕಿದ್ದು ತಣ್ಣಗಿನ ಸ್ಯಾಂಡ್‌ವಿಚ್, ಅದೂ ಕೂಗಾಡಿದ ಮೇಲೆ. ಕಂಪನಿಯ ಹೆಸರು ಹೇಳುವುದಿಲ್ಲ. ನಲವತ್ತು ನಿಮಿಷ ತಡ ಅಂತ ಮೆಸೇಜ್, ಆಮೇಲೆ ಇನ್ನೂ ನಲವತ್ತು, ಆಮೇಲೆ ಇನ್ನೂ ನಲವತ್ತು. ಕೌಂಟರ್ ಹುಡುಗಿಯನ್ನು ಕಾರಣ ಕೇಳಿದೆ. ಏನಂದಿರಬಹುದು ಹೇಳಿ?

ಹಿಂದಿನ ವಿಮಾನ!

ಆ ಹುಡುಗಿಯ ಮೇಲೆ ರೇಗಬೇಡಿ. ಅವಳ ಕೈಯಲ್ಲಿ ಏನೂ ಇಲ್ಲ. ಫೋನಲ್ಲಿ ಫ್ಲೈಟ್‌ರಾಡಾರ್24 ಹಾಕಿಕೊಳ್ಳಿ. ವಿಟಿ ಅಂತ ಶುರುವಾಗುವ ನಿಮ್ಮ ವಿಮಾನದ ನಂಬರ್ ಒತ್ತಿ. ಬೆಳಗ್ಗೆಯಿಂದ ಎಲ್ಲೆಲ್ಲಿ ಸುತ್ತಿದೆ, ಯಾವ ಊರಲ್ಲಿ ಎಷ್ಟು ತಡವಾಯಿತು, ಎಲ್ಲ ಕಾಣುತ್ತದೆ. ನಿಮ್ಮ ವಿಮಾನ ಇನ್ನೂ ಪಟ್ನಾದಲ್ಲಿ ಇರುವಾಗ ಬೋರ್ಡಲ್ಲಿ "ಸಮಯಕ್ಕೆ ಸರಿಯಾಗಿದೆ" ಅಂತ ಹಸಿರು ಅಕ್ಷರ ಹೊಳೆಯುತ್ತಿರುತ್ತದೆ. ಪಟ್ನಾದಲ್ಲಿ! ಆ ಹಸಿರು ಅಕ್ಷರ ಹಾಕುವವನು ಯಾರು? ಅವನನ್ನು ಕರೆಸಿ ನನ್ನ ಮುಂದೆ ಕೂರಿಸಿ, ಫ್ಯಾನ್ ಇಲ್ಲದೆ. ಯಾರದು, ಯಾರದು, ಯಾರದು ಆ ವಿಮಾನ?

ಇನ್ನೂ ಎರಡು ಪಾಯಿಂಟ್ ಬರೆದುಕೊಂಡಿದ್ದೆ, ಎಂಜಿನ್ ಬಗ್ಗೆ ಒಂದು, ಇನ್ನೊಂದು… ಬೆವರಿಗೆ ಶಾಯಿ ಅಳಿಸಿಹೋಗಿದೆ. ಇರಲಿ. ನಿಲ್ದಾಣದ ಕಾಫಿ ರೇಟ್ ಬಗ್ಗೆ ಹೇಳಿದೆನಾ? ಅದಕ್ಕೊಂದು ಬೇರೆ ಸಂಚಿಕೆ ಬೇಕು. ತಡವಾದಷ್ಟೂ ಆ ಅಂಗಡಿಯವರಿಗೆ ವ್ಯಾಪಾರ, ಅವರೂ ಶಾಮೀಲಾ ಅಂತ ನನಗೊಂದು ಅನುಮಾನ. ತಮಾಷೆಗೆ ಅಂದೆ, ನೋಟಿಸ್ ಕಳಿಸಬೇಡಿ. ಎಡಿಟಿಂಗ್ ಹುಡುಗ ಸಾಕು ಅಂತ ಕೈ ತೋರಿಸುತ್ತಿದ್ದಾನೆ, ಅವನಿಗೂ ಸೆಕೆ. ಲೈಕ್ ಮಾಡಿ, ನಾಲ್ಕು ಗ್ರೂಪಿಗೆ ಕಳಿಸಿ. ಲೇ, ಆ ಫ್ಯಾನ್ ಹಾಕೋ ಮೊದಲು.