ರಾತ್ರಿ ಒಂಬತ್ತಕ್ಕೆ ಮುಚ್ಚುವ ಹೆದ್ದಾರಿ

ವೇದಿಕೆಯ ಮೇಲಿರುವ ಹಿರಿಯರಿಗೂ ಕಾನೂನು ಓದುತ್ತಿರುವ ನಿಮ್ಮೆಲ್ಲರಿಗೂ ನಮಸ್ಕಾರ.

ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಯ ಕಡೆಗೆ ಹೊರಟರೆ ಬಂಡೀಪುರ ಕಾಡಿನ ಅಂಚಿನಲ್ಲಿ ಮದ್ದೂರು ಚೆಕ್‌ಪೋಸ್ಟ್ ಸಿಗುತ್ತದೆ. ರಾತ್ರಿ ಒಂಬತ್ತಾಯಿತೆಂದರೆ ಅಲ್ಲಿ ಗೇಟು ಇಳಿಯುತ್ತದೆ. ತರಕಾರಿ ತುಂಬಿದ ಲಾರಿ ಒಂಬತ್ತು ಗಂಟೆ ಐದು ನಿಮಿಷಕ್ಕೆ ಬಂದು ನಿಂತರೆ, ಚಾಲಕ ಎಂಜಿನ್ ಆರಿಸಿ ಬೆಳಗಿನ ಆರರವರೆಗೆ ಕಾಯಬೇಕು. ಪಕ್ಕದ ಮೈಲಿಗಲ್ಲಿನ ತಲೆಗೆ ಹಳದಿ ಬಣ್ಣ. ಅಂದರೆ ಇದು ರಾಷ್ಟ್ರೀಯ ಹೆದ್ದಾರಿ, ಸಂಖ್ಯೆ 766. ಹಳಬರಿಗೆ 212 ಎಂದರೇ ಗುರುತು. ದೆಹಲಿಯ ಹೆದ್ದಾರಿಗೆ ಗೇಟು ಹಾಕುವ ಅಧಿಕಾರ ಚಾಮರಾಜನಗರಕ್ಕೆ ಎಲ್ಲಿಂದ ಬಂತು?

ಯಾವ ವಿಷಯಕ್ಕೆ ಕೇಂದ್ರ, ಯಾವುದಕ್ಕೆ ರಾಜ್ಯ ಕಾನೂನು ಮಾಡಬೇಕೆಂದು ಹಂಚಿಕೊಡುವ ಸಂವಿಧಾನದ ಏಳನೇ ಅನುಸೂಚಿಯನ್ನು ನೀವು ಬಲ್ಲಿರಿ. ರಾಷ್ಟ್ರೀಯ ಹೆದ್ದಾರಿ ಕೇಂದ್ರ ಪಟ್ಟಿಯ 23ನೇ ನಮೂದು. ಉಳಿದ ರಸ್ತೆ, ಸೇತುವೆಗಳು ರಾಜ್ಯ ಪಟ್ಟಿಯ 13ನೆಯದು. ನಮ್ಮ 1964ರ ಕರ್ನಾಟಕ ಹೆದ್ದಾರಿ ಕಾಯ್ದೆ ನಿಂತಿರುವುದು ಇದರ ಮೇಲೆ. ಹೆದ್ದಾರಿಯ ಗಡಿ ಗುರುತಿಸುವುದು, ಕಟ್ಟಡ ರೇಖೆ ಎಳೆಯುವುದು, ಒತ್ತುವರಿ ತೆರವುಗೊಳಿಸುವುದು ಎಲ್ಲವೂ ಅದರೊಳಗಿವೆ. ಆದರೆ ಮದ್ದೂರಿನ ಗೇಟಿನ ಕೀಲಿ ಅಲ್ಲಿಲ್ಲ. ಯಂತ್ರಚಾಲಿತ ವಾಹನಗಳು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯ 35ರಲ್ಲಿವೆ. ಆ ದಾರಿಯಿಂದ ಬಂದದ್ದು 1988ರ ಮೋಟಾರು ವಾಹನ ಕಾಯ್ದೆ. ಅದರ 115ನೇ ಸೆಕ್ಷನ್ ಈ ಕೀಲಿ.

ರಾಜ್ಯ ಸರ್ಕಾರ, ಇಲ್ಲವೇ ಅದು ಅಧಿಕಾರ ಕೊಟ್ಟ ಪ್ರಾಧಿಕಾರ, ಸಾರ್ವಜನಿಕ ಸುರಕ್ಷತೆಗಾಗಿ, ಅನುಕೂಲಕ್ಕಾಗಿ, ಅಥವಾ ರಸ್ತೆಯ ಇಲ್ಲವೇ ಸೇತುವೆಯ ಸ್ವರೂಪದ ಕಾರಣಕ್ಕಾಗಿ ವಾಹನ ಸಂಚಾರವನ್ನು ನಿಷೇಧಿಸಬಹುದು ಎನ್ನುತ್ತದೆ ಈ ಸೆಕ್ಷನ್. ನಮ್ಮಲ್ಲಿ 1989ರ ಕರ್ನಾಟಕ ಮೋಟಾರು ವಾಹನ ನಿಯಮಗಳ ಮೂಲಕ ಈ ಅಧಿಕಾರ ಜಿಲ್ಲಾಧಿಕಾರಿಗಳ ಕೈಗೆ ಬಂದಿದೆ. ನೆಲ, ಡಾಂಬರು ಯಾರದೇ ಆಗಿರಲಿ, ಅದರ ಮೇಲೆ ಓಡುವ ಚಕ್ರವನ್ನು ರಾಜ್ಯ ತಡೆಯಬಹುದು.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವ ಮಾತು 'ರಸ್ತೆಯ ಸ್ವರೂಪ'. ನಮ್ಮ ಕಚೇರಿಗಳಲ್ಲಿ ಸ್ವರೂಪವೆಂದರೆ ಅಗಲ, ತಿರುವು, ಸೇತುವೆಯ ಭಾರ ತಾಳುವ ಶಕ್ತಿ. ಆದರೆ ಆನೆಯ ಹಿಂಡು ನೀರಿಗೆ ದಾಟುವ ರಸ್ತೆಯ ಸ್ವರೂಪ ಊರ ನಡುವಿನ ರಸ್ತೆಯದ್ದಲ್ಲ. ಹೆಡ್‌ಲೈಟಿನ ಬೆಳಕಿಗೆ ಕಣ್ಣು ಕೋರೈಸಿ ನಿಂತಲ್ಲೇ ನಿಂತುಬಿಡುವ ಜಿಂಕೆಯೂ ಆ ಸ್ವರೂಪದ ಭಾಗ ಎಂದೇ ನಾನು ಓದುತ್ತೇನೆ. ಕಾಡು, ವನ್ಯಜೀವಿಗಳನ್ನು ಕಾಪಾಡುವ ಹೊಣೆಯನ್ನು ಸಂವಿಧಾನದ 48ಎ ವಿಧಿ ರಾಜ್ಯದ ಮೇಲೆ ಹೊರಿಸಿರುವಾಗ ಬೇರೆ ಹೇಗೆ ಓದಲು ಸಾಧ್ಯ?

2009ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿ ಈ ಹೆದ್ದಾರಿಗೂ ಊಟಿಯ ಕಡೆಗೆ ಹೋಗುವ, ಅಂದು 67 ಎಂಬ ಸಂಖ್ಯೆಯಿದ್ದ ಹೆದ್ದಾರಿಗೂ ರಾತ್ರಿ ಸಂಚಾರ ನಿಷೇಧಿಸಿದರು. ಕೆಲವೇ ದಿನಗಳಲ್ಲಿ ಆದೇಶ ವಾಪಸಾಯಿತು. ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿತು. ನಿಷೇಧ ಮರುಜೀವ ಪಡೆಯಿತು. 2010ರ ಮಾರ್ಚ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮುಂದೆ ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು.

ಕೇರಳದವರ ಅಳಲನ್ನು ತಳ್ಳಿಹಾಕುವವನು ನಾನಲ್ಲ. ವಯನಾಡಿನ ವ್ಯಾಪಾರಿಗೆ ಈ ರಸ್ತೆ ಜೀವನಾಡಿ. ದೇಶದುದ್ದಕ್ಕೂ ವ್ಯಾಪಾರ ಮುಕ್ತವಾಗಿರಬೇಕು ಎನ್ನುವ 301ನೇ ವಿಧಿಯೂ ಅವರ ಪರ ನಿಲ್ಲುತ್ತದೆ. ಆದ್ದರಿಂದಲೇ ಗೇಟಿನಲ್ಲಿ ಸಂದುಗಳನ್ನು ಬಿಡಲಾಗಿದೆ: ಆಂಬುಲೆನ್ಸ್‌ಗೆ ತಡೆಯಿಲ್ಲ, ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ಅನುಮತಿ ಇದೆ, ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಮಾನಂದವಾಡಿಗೆ ಸುತ್ತುದಾರಿ ಇದೆ. ನಿರ್ಬಂಧ ನ್ಯಾಯವಾಗಿ ನಿಲ್ಲುವುದು ಇಂಥ ಸಂದುಗಳಿಂದಲೇ.

ಇದೇ ಸೆಕ್ಷನ್ನನ್ನು ಹಿಡಿದುಕೊಂಡು ಪಶ್ಚಿಮ ಘಟ್ಟ ಹತ್ತಿದರೆ ಮಾತ್ರ ನನಗೆ ಸಂಕಟವಾಗುತ್ತದೆ. 2024ರ ಜುಲೈಯಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಲು ಬಳಿ ಗುಡ್ಡ ಜಾರಿ ಶಿರಾಡಿ ಘಾಟಿಯ ಸಂಚಾರ ನಿಂತಿತು. ಬಂಡೀಪುರದಲ್ಲಿ ರಸ್ತೆಯ ಸ್ವರೂಪವನ್ನು ಮೊದಲೇ ಓದಿ ಗೇಟು ಹಾಕಿದೆವು. ಶಿರಾಡಿಯಲ್ಲಿ ಮಣ್ಣು ರಸ್ತೆಗೆ ಬಂದ ಮೇಲೆ ಓದುತ್ತೇವೆ. ಹದಿನಾಲ್ಕು ತಿರುವುಗಳ ಆಗುಂಬೆಯಲ್ಲಿ ಮಳೆಗಾಲಕ್ಕೆ ಭಾರಿ ವಾಹನಗಳನ್ನು ತಡೆಯುವ ರೂಢಿಯಿದೆ. ಅದು ಸರಿಯಾದ ಓದು. ಗುಡ್ಡವನ್ನು ನೇರವಾಗಿ ಕಡಿದು ರಸ್ತೆ ಅಗಲ ಮಾಡಿದ ಕಡೆ ಇನ್ನೂ ಮುಂಚೆಯೇ ಎಚ್ಚರ ಬೇಡವೇ?

ಇನ್ನೊಂದು ಸಣ್ಣ ಸಂಗತಿ, ಆದರೆ ಚಾಲಕನಿಗೆ ಅದೇ ದೊಡ್ಡದು. ಒಂದು ತಿಂಗಳು ಮೀರದ ನಿಷೇಧಕ್ಕೆ ರಾಜ್ಯಪತ್ರದ ಅಧಿಸೂಚನೆ ಬೇಕಿಲ್ಲ, ಸ್ಥಳೀಯ ಪ್ರಚಾರ ಸಾಕು ಎಂದು 115ರ ಪರಂತುಕ, ಅಂದರೆ ಅದರ ಕೊನೆಯ ವಿನಾಯಿತಿ ವಾಕ್ಯ, ಹೇಳುತ್ತದೆ. ತುರ್ತಿಗೆ ಇದು ಬೇಕೇ ಬೇಕು. ಆದರೆ ಯಾವುದು ಸ್ಥಳೀಯ? ತಮಿಳುನಾಡಿನಿಂದ ಮಂಗಳೂರು ಬಂದರಿಗೆ ಸರಕು ತರುವವನು ಹಾಸನದ ಪತ್ರಿಕಾ ಪ್ರಕಟಣೆಯನ್ನು ಎಲ್ಲಿ ಓದಬೇಕು? ಘಾಟಿಯ ಬಾಯಿಗೆ ಬಂದ ಮೇಲೆ ಅವನಿಗೆ ವಿಷಯ ತಿಳಿಯುತ್ತದೆ. ಹಿಂದೆ ಸಾಲುಗಟ್ಟಿದ ಲಾರಿಗಳು, ತಿರುಗಿಸಲು ಜಾಗವಿಲ್ಲ. ನಿರ್ಬಂಧವನ್ನು ಜನರಿಗೆ ತಿಳಿಸುವ ಫಲಕ ನೆಡಲು 116ನೇ ಸೆಕ್ಷನ್ ಅಧಿಕಾರ ಕೊಟ್ಟೇ ಇದೆ. ಆ ಫಲಕ ಇರಬೇಕಾದದ್ದು ಲಾರಿ ಇನ್ನೂ ಬೇರೆ ದಾರಿ ಹಿಡಿಯಬಹುದಾದ ಕವಲಿನಲ್ಲಿ, ಚಾಲಕ ಓದಬಲ್ಲ ಭಾಷೆಗಳಲ್ಲಿ.

ಮುಂದಿನ ಮಳೆಗಾಲಕ್ಕೆ ನಿಮಗೊಂದು ಕೆಲಸ ಕೊಡುತ್ತೇನೆ. ಯಾವುದಾದರೂ ಘಾಟಿ ಮುಚ್ಚಿದ ದಿನ ಜಿಲ್ಲಾಧಿಕಾರಿಗಳ ಆದೇಶದ ಪ್ರತಿ ತಂದುಕೊಳ್ಳಿ. ಯಾವ ಕಾರಣ ಬರೆದಿದ್ದಾರೆ, ಬದಲಿ ದಾರಿ ಯಾವುದು, ಆ ದಾರಿ ಲಾರಿಯ ಭಾರ ತಾಳುತ್ತದೆಯೇ ಎಂದು ನೋಡಿ. ಆಮೇಲೆ ಬಸ್ಸು ಹತ್ತಿ ಆ ಕವಲಿಗೆ ಹೋಗಿ, ಫಲಕ ಇದೆಯೇ ಎಂದು ಕಣ್ಣಾರೆ ಕಂಡು ಬನ್ನಿ.