ಕೊನೆಯ ಪ್ಯಾರಾಕ್ಕೆ ಎಷ್ಟು ಹೊತ್ತು ಇಟ್ಟಿದ್ದೀರಿ?

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹೆಚ್ಚಿನವರು ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಲು ಹೊರಟವರು. ಪ್ರಬಂಧ ಪತ್ರಿಕೆಗೆ 250 ಅಂಕ, 3 ಗಂಟೆ, ಎರಡು ಪ್ರಬಂಧ. ಲೆಕ್ಕ ಹಾಕಿದರೆ ಒಂದಕ್ಕೆ ಒಂದೂವರೆ ಗಂಟೆ. ಕಳೆದ ವಾರ ನೀವು ಅಭ್ಯಾಸಕ್ಕೆಂದು ಬರೆದುಕೊಟ್ಟ ‘ನಗರ ಮತ್ತು ಕೆರೆ’ ಪ್ರಬಂಧಗಳನ್ನೆಲ್ಲ ಕೂತು ಓದಿದೆ. ಪೀಠಿಕೆಯ ಅಕ್ಷರಗಳು ಮುತ್ತು ಪೋಣಿಸಿದ ಹಾಗಿವೆ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಸಾಲು ಓರೆಯಾಗಿ, ಒತ್ತಕ್ಷರ ಬಿಟ್ಟುಹೋಗಿ, ಹೀಗೆ ಮುಗಿದಿರುತ್ತದೆ: ‘ಒಟ್ಟಿನಲ್ಲಿ ಹೇಳುವುದಾದರೆ, ಕೆರೆಗಳನ್ನು ಉಳಿಸುವುದು ನಮ್ಮೆಲ್ಲರ ಆದ್ಯ ಕರ್ತವ್ಯ. ಸರ್ಕಾರದೊಂದಿಗೆ ಸಾರ್ವಜನಿಕರೂ ಕೈಜೋಡಿಸಬೇಕು.’

ಓದಿ ನಿಜಕ್ಕೂ ಸಂಕಟವಾಯಿತು. ಆ ಎರಡು ಸಾಲಿನಲ್ಲಿ ‘ಕೆರೆ’ ತೆಗೆದು ‘ಕಾಡು’ ಎಂದು ಹಾಕಿ ನೋಡಿ, ಸರಿಹೋಗುತ್ತದೆ. ‘ಕನ್ನಡ ಶಾಲೆ’ ಎಂದು ಹಾಕಿ, ಆಗಲೂ ಸರಿಹೋಗುತ್ತದೆ. ಯಾವ ಪ್ರಬಂಧಕ್ಕೂ ಹೊಂದುವ ಉಪಸಂಹಾರ ನಿಮ್ಮ ಪ್ರಬಂಧದ್ದಲ್ಲ. ಸಾವಿರ ಪದ ದುಡಿದು ಬರೆದವರು ಕೊನೆಗೆ ಬೇರೆ ಯಾರದೋ ಮಾತಿನಲ್ಲಿ ವಿದಾಯ ಹೇಳಿದಂತಾಯಿತು.

ಆ ಹಾಳೆಗಳಲ್ಲಿ ಒಂದನ್ನು ಇಲ್ಲಿ ತಂದಿದ್ದೇನೆ. ಹೆಸರು ಹೇಳುವುದಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಮಳೆಗೆ ನಿಂತ ನೀರಿನಿಂದ ಪ್ರಬಂಧ ಶುರುವಾಗುತ್ತದೆ. ಆ ಜಾಗ ಧರ್ಮಾಂಬುಧಿ ಕೆರೆಯ ಅಂಗಳ ಎಂಬುದು ಎರಡನೇ ಪ್ಯಾರಾದಲ್ಲಿ ಬರುತ್ತದೆ. ನಡುವೆ ಒಂದು ಒಳ್ಳೆಯ ತರ್ಕವಿದೆ. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು, 1974ರಲ್ಲಿ ಕಾವೇರಿ ಬಂತು. ನಲ್ಲಿಯಲ್ಲಿ ದೂರದ ನೀರು ಬಂದಂತೆ ಪಕ್ಕದ ಕೆರೆ ಊರಿಗೆ ಬೇಡವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಅಲ್ಲೊಂದು ಸಣ್ಣ ಹೊಂಡ ಮಾತ್ರ ಉಳಿದಿದೆ, ಕರಗದ ವಿಧಿಗಳಿಗೆ ಇಂದಿಗೂ ಅಲ್ಲಿಗೆ ಬರುತ್ತಾರೆ ಎಂದೂ ಬರೆದಿದ್ದಾರೆ. ಇಷ್ಟೆಲ್ಲ ಕೈಯಲ್ಲಿದ್ದೂ ಮುಕ್ತಾಯ ಮಾತ್ರ ‘ಆದ್ಯ ಕರ್ತವ್ಯ’!

ಮುಕ್ತಾಯ ಆ ಪ್ರಬಂಧದೊಳಗೇ ಇತ್ತು. ಕರಗ ತಿಗಳರದು, ತಲೆಮಾರುಗಳಿಂದ ತೋಟಗಾರಿಕೆ ಮಾಡಿಕೊಂಡು ಬಂದವರದು. ಕೆರೆಯ ನೀರು ಅವರಿಗೆ ಬದುಕಾಗಿತ್ತು. ಹಾಗಿದ್ದರೆ ಹೀಗೆ ಮುಗಿಸಬಹುದಿತ್ತು: ‘ಊರಿಗೆ ನಲ್ಲಿ ಬಂದ ಮೇಲೆ ಕೆರೆಯ ದಾರಿ ಮರೆತುಹೋಯಿತು. ಮರೆಯದವರು ವರ್ಷಕ್ಕೊಮ್ಮೆ ಕರಗದ ಹೊತ್ತಿಗೆ ಆ ಹೊಂಡದ ಬಳಿ ಬಂದು ನಿಲ್ಲುತ್ತಾರೆ. ಮೆಜೆಸ್ಟಿಕ್ಕಿನಲ್ಲಿ ಮಳೆನೀರೂ ಹಾಗೆಯೇ, ತನ್ನ ಹಳೆಯ ಜಾಗ ಹುಡುಕಿಕೊಂಡು ಬರುತ್ತದೆ.’ ಇದರಲ್ಲಿ ಹೊಸ ಮಾಹಿತಿ ಇಲ್ಲ. ಮೊದಲ ಪ್ಯಾರಾದ ಮಳೆನೀರೇ ತಿರುಗಿ ಬಂದಿದೆ. ಆಗ ಅದು ಬರೀ ತೊಂದರೆಯಾಗಿತ್ತು, ಈಗ ಅದಕ್ಕೊಂದು ಕಾರಣ ಸಿಕ್ಕಿದೆ. ಪೀಠಿಕೆಯನ್ನು ಬೇರೆ ಪದಗಳಲ್ಲಿ ಮತ್ತೆ ಬರೆಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಓದುವವರು ನಿಮ್ಮ ಜೊತೆ ಅಷ್ಟು ದೂರ ನಡೆದದ್ದರಿಂದ ಮಾತ್ರ ಆ ಸಾಲು ಅವರಿಗೆ ಹೊಳೆಯುತ್ತದೆ.

ಪರಿಹಾರ ಹೇಳಬಾರದೇ ಎಂದು ಕೇಳುತ್ತೀರಿ. ಖಂಡಿತ ಹೇಳಿ, ಆದರೆ ಅದರ ಜಾಗ ಕೊನೆಯ ಪ್ಯಾರಾಕ್ಕಿಂತ ಹಿಂದೆ. ಅಂಕಿಅಂಶಗಳೂ ಅಲ್ಲೇ ಮುಗಿಯಬೇಕು. ಮಹಾತ್ಮರ ಮಾತನ್ನು ಕೊನೆಗೆ ಅಂಟಿಸುವ ಅಭ್ಯಾಸವನ್ನಂತೂ ದಯವಿಟ್ಟು ಬಿಡಿ. ಅಷ್ಟು ಹೊತ್ತು ನಿಮ್ಮ ದನಿ ಕೇಳಿದವರಿಗೆ ಕೊನೆಗೂ ಅದೇ ದನಿ ಕೇಳಬೇಕು.

ಇನ್ನು ಹೊತ್ತಿನ ಮಾತು. ಕೊನೆಯ ಐದು ನಿಮಿಷದಲ್ಲಿ ಉಪಸಂಹಾರ ಹುಟ್ಟುವುದಿಲ್ಲ. ತೊಂಬತ್ತು ನಿಮಿಷದಲ್ಲಿ ಮೊದಲ ಹದಿನೈದು ಯೋಚನೆಗೆ, ಕೊನೆಯ ಹನ್ನೆರಡು ಉಪಸಂಹಾರಕ್ಕೆ ಇರಲಿ. ನಡುವಿನ ಒಂದು ಅಂಶ ಬಿಟ್ಟುಹೋದರೆ ಹೋಗಲಿ, ಗಡಿಯಾರ ನೋಡಿ ಅಲ್ಲಿಗೆ ನಿಲ್ಲಿಸಿ. ಯೋಚನೆಯ ಹೊತ್ತಿನಲ್ಲೇ, ಟಿಪ್ಪಣಿ ಮಾಡಿಕೊಳ್ಳುವ ಪುಟದ ಮೂಲೆಯಲ್ಲಿ, ಎಲ್ಲಿಗೆ ಹೋಗಿ ಮುಟ್ಟಬೇಕು ಎಂದು ಒಂದು ಸಾಲು ಬರೆದುಕೊಳ್ಳಿ. ಬರೆಯುತ್ತ ಬರೆಯುತ್ತ ಆ ಸಾಲು ಬದಲಾಗಬಹುದು. ಬದಲಾದರೆ ಸಂತೋಷಪಡಿ, ನೀವು ಯೋಚಿಸಿದ್ದೀರಿ ಎಂದರ್ಥ.

ಈಗ ಮುಂದಿನ ಸಾಲಿನವರು ಹಾಳೆ ಹಿಂದಕ್ಕೆ ಕೊಡಿ. ನಿಮ್ಮ ನಿಮ್ಮ ಕೆರೆಯ ಪ್ರಬಂಧ ನಿಮಗೇ ವಾಪಸ್ ಬರುತ್ತದೆ. ಕೊನೆಯ ಪ್ಯಾರಾಕ್ಕೆ ಅಡ್ಡಗೆರೆ ಎಳೆಯಿರಿ, ಮೊದಲ ಪ್ಯಾರಾ ಇನ್ನೊಮ್ಮೆ ಓದಿ, ಆಮೇಲೆ ಪೆನ್ನು ತೆಗೆಯಿರಿ. ಹನ್ನೆರಡು ನಿಮಿಷ ಇದೆ.