ಅಂಕಿ ಕೂರದ ರೋಹಿತ ಬರೀ ಬಣ್ಣದ ಪಟ್ಟಿ

ನಮಸ್ಕಾರ. ರಟ್ಟಿನ ಪೆಟ್ಟಿಗೆ, ಎರಡು ಬ್ಲೇಡು ಮತ್ತು ಒಂದು ಗ್ರೇಟಿಂಗ್ ಹಾಳೆಯಿಂದ (ಒತ್ತೊತ್ತಾದ ಸೂಕ್ಷ್ಮ ಗೆರೆಗಳಿರುವ ಹಾಳೆ) ರೋಹಿತದರ್ಶಕವನ್ನು, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಸಾಧನವನ್ನು, ಕಟ್ಟುವ ಬಗೆಯನ್ನು ಕಳೆದ ಸಂಚಿಕೆಯಲ್ಲಿ ತೋರಿಸಿದ್ದೆ. ಅದನ್ನು ನೋಡಿದ ವೀಕ್ಷಕರೊಬ್ಬರು ಬರೆದ ಮಾತು ಮೂರು ದಿನಗಳಿಂದ ನನ್ನ ತಲೆಯನ್ನು ಕೊರೆಯುತ್ತಿದೆ. "ಅರ್ಧ ಸಂಚಿಕೆಯನ್ನು ಅಂಕಿಗಳ ಲೆಕ್ಕಕ್ಕೇ ಕಳೆದಿರಿ. ನನ್ನ ಹಾಳೆಯಲ್ಲಿ ನಿಮ್ಮದಕ್ಕಿಂತ ಗಾಢವಾದ ಬಣ್ಣಗಳು ಬಂದಿವೆ, ಅಷ್ಟು ಸಾಲದೇ?" ಎಂದು ಅವರು ಕೇಳಿದ್ದಾರೆ. ಸಾಲದು. ಏಕೆ ಸಾಲದು ಎಂಬುದಕ್ಕೇ ಇಂದಿನ ಸಂಚಿಕೆ ಪೂರ್ತಿ ಮೀಸಲು.

ಗ್ರೇಟಿಂಗಿನಿಂದ ಹೊಮ್ಮಿದ ಬಣ್ಣದ ಪಟ್ಟಿಯ ಮೇಲೆ ತರಂಗದೂರದ, ಅಂದರೆ ಬೆಳಕಿನ ಅಲೆಯ ಉದ್ದದ, ಅಳತೆಗೋಲು ಕೂರುವವರೆಗೂ ಅದು ರೋಹಿತವಲ್ಲ, ಚಿತ್ರ ಮಾತ್ರ. ನಾನು ಹೇಳಬೇಕಾಗಿರುವುದು ಇದೊಂದೇ.

ಬಣ್ಣವನ್ನು ನಂಬಿ ಕೂತವರು ಮೊದಲು ತಮ್ಮ ಫೋನಿನ ಕ್ಯಾಮೆರಾ ಏನು ಮಾಡುತ್ತದೆ ಎಂಬುದನ್ನು ತಿಳಿಯಬೇಕು. ಅದು ಕೆಂಪು, ಹಸಿರು, ನೀಲಿ ಎಂಬ ಮೂರು ಸೋಸುಗಗಳ ಮೂಲಕ ಬೆಳಕನ್ನು ಅಳೆದು, ಉಳಿದೆಲ್ಲ ಬಣ್ಣಗಳನ್ನು ಲೆಕ್ಕ ಹಾಕಿ ತುಂಬುತ್ತದೆ. ಹೀಗಾಗಿ ಸೋಡಿಯಂ ದೀಪದ ಒಂದೇ ಗೆರೆ ಒಂದು ಫೋನಿನಲ್ಲಿ ಹಳದಿಯಾಗಿ, ಇನ್ನೊಂದರಲ್ಲಿ ಕಿತ್ತಳೆಯಾಗಿ ಕಾಣಬಹುದು. ಬೆಳಕು ಸ್ವಲ್ಪ ಹೆಚ್ಚಾದರೆ ಪಾದರಸದ ಹಸಿರು ಗೆರೆಯ ನಡುಭಾಗ ಬೆಳ್ಳಗಾಗಿಬಿಡುತ್ತದೆ. ಬಣ್ಣ ಮಾತು ಬದಲಿಸುವ ಸಾಕ್ಷಿ. ಪ್ರತಿ ಧಾತುವೂ ತನ್ನದೇ ತರಂಗದೂರಗಳಲ್ಲಿ ಗೆರೆ ಮೂಡಿಸುವುದರಿಂದ, ಗೆರೆ ಬಿದ್ದ ಜಾಗ ಮಾತು ಬದಲಿಸುವುದಿಲ್ಲ.

ಆ ಜಾಗಕ್ಕೆ ಅಂಕಿ ಕೊಡುವುದು ಬ್ರಹ್ಮವಿದ್ಯೆಯೇನಲ್ಲ. ಸಿಎಫ್‌ಎಲ್ ದೀಪವೊಂದನ್ನು ಎರಡು ಬ್ಲೇಡುಗಳ ನಡುವಿನ ಸೀಳುಕಿಂಡಿಯ ಮುಂದೆ ಹಿಡಿಯಿರಿ. ಒಳಗಿನ ಪಾದರಸ 435.8 ನ್ಯಾನೋಮೀಟರಿನಲ್ಲಿ (ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೋಮೀಟರ್) ಒಂದು ನೀಲಿ ಗೆರೆಯನ್ನೂ 546.1ರಲ್ಲಿ ಒಂದು ಹಸಿರು ಗೆರೆಯನ್ನೂ ಕೊಡುತ್ತದೆ. ಹಸಿರಿನಲ್ಲಿ ಮಾತ್ರ ಎಚ್ಚರ ಬೇಕು: ಕಿಂಡಿ ಸಾಕಷ್ಟು ಕಿರಿದಾಗಿದ್ದರೆ ಅಲ್ಲಿ ಎರಡು ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ; ನೀಲಿಯ ಕಡೆಗಿರುವುದು ದೀಪದ ಒಳಲೇಪದಲ್ಲಿರುವ ಟರ್ಬಿಯಂ ಎಂಬ ಧಾತುವಿನದು, ಕೆಂಪಿನ ಕಡೆಗಿರುವುದು ಪಾದರಸದ್ದು. ನಮಗೆ ಬೇಕಾದದ್ದು ಎರಡನೆಯದು. ನನ್ನ ಚಿತ್ರದಲ್ಲಿ ನೀಲಿ ಗೆರೆ 412ನೇ ಪಿಕ್ಸೆಲ್‌ನಲ್ಲಿತ್ತು, ಹಸಿರು 853ರಲ್ಲಿ. ನಡುವಿನ 441 ಪಿಕ್ಸೆಲ್‌ಗಳಿಗೆ 110.3 ನ್ಯಾನೋಮೀಟರ್, ಅಂದರೆ ಪಿಕ್ಸೆಲ್ಲಿಗೆ ಕಾಲು ನ್ಯಾನೋಮೀಟರ್. ಒಂದು ಕಳೆಯುವ ಲೆಕ್ಕ, ಒಂದು ಭಾಗಾಕಾರ, ಅಷ್ಟೇ. ಆಮೇಲೆ ಅದೇ ಪೆಟ್ಟಿಗೆಯ ಮುಂದೆ ಉಪ್ಪು ಸವರಿದ ತಂತಿಯನ್ನು ಜ್ವಾಲೆಯಲ್ಲಿ ಹಿಡಿದಾಗ ಹಳದಿ ಗೆರೆ 1026ನೇ ಪಿಕ್ಸೆಲ್‌ನಲ್ಲಿ ಬಿತ್ತು. ಲೆಕ್ಕ ಹಾಕಿದರೆ 589.4 ಬಂತು. ಸೋಡಿಯಂನ ಜೋಡಿ ಗೆರೆಗಳಿರುವುದು 589.0 ಮತ್ತು 589.6ರಲ್ಲಿ, ನನ್ನ ಕಿಂಡಿಗೆ ಅವೆರಡನ್ನು ಬಿಡಿಸುವಷ್ಟು ಸೂಕ್ಷ್ಮತೆ ಇರಲಿಲ್ಲವಾದ್ದರಿಂದ ಅವು ಒಂದಾಗಿ ನಡುವೆ ನಿಂತಿದ್ದವು. ರಟ್ಟಿನ ಪೆಟ್ಟಿಗೆಯೊಂದು ಆ ಅಂಕಿಯನ್ನು ಹೇಳಿದ ಕ್ಷಣದಲ್ಲಿ ನನಗಾದ ಸಂತೋಷವನ್ನು ಯಾವ ಗಾಢವಾದ ಬಣ್ಣವೂ ಕೊಟ್ಟಿಲ್ಲ.

ಅಂಕಿಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ಹೀಲಿಯಂನ ಕಥೆಯನ್ನು ಹೇಳುತ್ತೇನೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಗುಂಟೂರಿನಿಂದ ನೋಡಿದ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್, ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಪ್ರಕಾಶಮಾನವಾದ ಗೆರೆಗಳನ್ನು ಕಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಖಗೋಳವಿಜ್ಞಾನಿ ಲಾಕಿಯರ್ ಅಲ್ಲಿನ ಹಳದಿ ಗೆರೆಯನ್ನು ಪರಿಶೀಲಿಸಿದರು. ಕಣ್ಣಿಗೆ ಅದೂ ಹಳದಿಯೇ, ಸೋಡಿಯಂನದೂ ಹಳದಿಯೇ. ಆದರೆ ಅದು ಸೋಡಿಯಂನ ಜಾಗದಲ್ಲಿರಲಿಲ್ಲ. ಇಂದು ನಮಗೆ ತಿಳಿದಿರುವಂತೆ ಆ ಗೆರೆ ಇರುವುದು 587.6 ನ್ಯಾನೋಮೀಟರಿನಲ್ಲಿ, ಸೋಡಿಯಂನ ಸಮೀಪದ ಗೆರೆಯಿಂದ ಒಂದೂವರೆ ನ್ಯಾನೋಮೀಟರಿನಷ್ಟೂ ದೂರವಿಲ್ಲದೆ. ಆ ಕೂದಲೆಳೆಯ ಅಂತರವನ್ನು ಅಳೆದದ್ದರಿಂದಲೇ ಭೂಮಿಯ ಮೇಲೆ ಆವರೆಗೆ ಯಾರೂ ಗುರುತಿಸದ ಧಾತುವೊಂದಕ್ಕೆ ಹೆಸರು ಬಂತು; 1895ರಲ್ಲಿ ರಸಾಯನವಿಜ್ಞಾನಿ ರಾಮ್ಸೆ ಯುರೇನಿಯಂ ಇರುವ ಖನಿಜವೊಂದರಿಂದ ಅದನ್ನು ಹೊರತೆಗೆದರು. "ಚೆನ್ನಾದ ಹಳದಿ" ಎಂದು ಬರೆದಿಟ್ಟುಕೊಂಡು ಎದ್ದುಹೋಗಿದ್ದರೆ ಹೀಲಿಯಂ ಸಿಗುತ್ತಿರಲಿಲ್ಲ.

ಈ ಪಾಠ ನನಗೂ ಸುಲಭವಾಗಿ ದಕ್ಕಲಿಲ್ಲ. ಒಮ್ಮೆ ಸಂಜೆ ದೀಪದ ಚಿತ್ರವನ್ನು ತೆಗೆದು, ಫೋನನ್ನು ಪೆಟ್ಟಿಗೆಯಿಂದ ಬಿಚ್ಚಿ, ಮರುದಿನ ಬೆಳಿಗ್ಗೆ ಮತ್ತೆ ಜೋಡಿಸಿ ಆಕಾಶದ ಬೆಳಕಿನ ಚಿತ್ರವನ್ನು ತೆಗೆದೆ. ಸೂರ್ಯನತ್ತ ನೇರವಾಗಿ ಎಂದೂ ಪೆಟ್ಟಿಗೆಯನ್ನಾಗಲಿ ಕಣ್ಣನ್ನಾಗಲಿ ತಿರುಗಿಸಬೇಡಿ. ಬಿಳಿ ಕಾಗದದ ಮೇಲೆ ಬಿದ್ದ ಬಿಸಿಲು ಧಾರಾಳವಾಗಿ ಸಾಕು. ಜರ್ಮನಿಯ ವಿಜ್ಞಾನಿ ಫ್ರೌನ್‌ಹೋಫರ್ 1814ರಲ್ಲಿ ಸೂರ್ಯನ ರೋಹಿತದಲ್ಲಿ ಗುರುತಿಸತೊಡಗಿದ ಆ ಕಪ್ಪು ಗೆರೆಗಳು ನನ್ನ ಚಿತ್ರದಲ್ಲೂ ಮೂಡಿದ್ದವು. ಆದರೆ 656.3ರಲ್ಲಿ ಇರಬೇಕಾದ ಹೈಡ್ರೋಜನ್ ಗೆರೆ ನನ್ನ ಲೆಕ್ಕದಲ್ಲಿ 648ಕ್ಕೆ ಬಂದಿತ್ತು. ಎರಡು ದಿನ ಗ್ರೇಟಿಂಗನ್ನೇ ದೂರಿದೆ. ತಪ್ಪು ಗ್ರೇಟಿಂಗಿನದಾಗಿರಲಿಲ್ಲ, ಮತ್ತೆ ಕೂರಿಸುವಾಗ ಫೋನು ಒಂದಿಷ್ಟು ಜರುಗಿತ್ತು. ಅಂದಿನಿಂದ ದೀಪದ ಚಿತ್ರ ಮತ್ತು ಪರೀಕ್ಷೆಯ ಚಿತ್ರ ಎರಡನ್ನೂ ಒಂದೇ ಸಲಕ್ಕೆ, ಫೋನನ್ನು ಮುಟ್ಟದೆ ತೆಗೆಯುತ್ತೇನೆ. ಅಂಕಿ ಇದ್ದದ್ದರಿಂದಲೇ ತಪ್ಪು ನನಗೆ ಕಂಡಿತು ಎಂಬುದನ್ನು ಗಮನಿಸಿ. ಬರೀ ಬಣ್ಣವನ್ನು ನೋಡಿದ್ದರೆ ಆ ಚಿತ್ರವನ್ನು ಅತ್ಯುತ್ತಮವೆಂದು ನಿಮಗೆ ತೋರಿಸಿರುತ್ತಿದ್ದೆ.

ಈಗ ಆಕ್ಷೇಪಗಳಿಗೆ ಬರೋಣ. ಹೆಚ್ಚು ಗೆರೆಗಳ ಗ್ರೇಟಿಂಗನ್ನು ಕೊಂಡರೆ ಇದೆಲ್ಲ ಬೇಕಾಗುವುದಿಲ್ಲ ಎನ್ನುವವರಿದ್ದಾರೆ. ಮಿಲಿಮೀಟರಿಗೆ 500 ಗೆರೆಗಳ ಹಾಳೆ ಆ ಹಸಿರು ಬೆಳಕನ್ನು ಸುಮಾರು 16 ಡಿಗ್ರಿ ಬಾಗಿಸುತ್ತದೆ, 1000 ಗೆರೆಗಳದು ಸುಮಾರು 33 ಡಿಗ್ರಿ. ಬಣ್ಣಗಳು ಅಗಲವಾಗಿ ಹರಡುತ್ತವೆ, ನಿಜ. ಆದರೆ ಹರಡಿದ ಮಾತ್ರಕ್ಕೆ ಅವು ತಮ್ಮ ಅಂಕಿಯನ್ನು ತಾವೇ ಹೇಳುವುದಿಲ್ಲ. ದುಬಾರಿ ಗ್ರೇಟಿಂಗಿದ್ದು ಅಳತೆಗೋಲಿಲ್ಲದಿದ್ದರೆ ಅದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂತೆ. ಸಿಪ್ಪೆ ಸುಲಿದ ಡಿವಿಡಿಯ ತುಣುಕಿನಲ್ಲಿ ಮಿಲಿಮೀಟರಿಗೆ ಸುಮಾರು 1350 ಸಾಲುಗಳಿವೆ, ಅಂಕಿ ಕೊಟ್ಟರೆ ಅದೂ ಸತ್ಯವನ್ನೇ ನುಡಿಯುತ್ತದೆ. ತಂತ್ರಾಂಶವೇ ಎಲ್ಲವನ್ನೂ ಮಾಡುತ್ತದೆ ಎನ್ನುವವರು ಆ ತಂತ್ರಾಂಶವನ್ನು ಒಮ್ಮೆ ತೆರೆದು ನೋಡಲಿ. ಅದು ನಿಮ್ಮನ್ನು ಮೊದಲು ಕೇಳುವುದೇ ಎರಡು ಗೊತ್ತಿರುವ ಗೆರೆಗಳನ್ನು.

ಬಿಳಿ ಎಲ್‌ಇಡಿಯ ನೀಲಿ ಮತ್ತು ಹಸಿರಿನ ನಡುವೆ ಕಪ್ಪು ಪಟ್ಟಿ ಕಂಡಿತೆಂದು ಇನ್ನೊಬ್ಬರು ವಾದ ಹೂಡಿದ್ದರು. ಆ ತಗ್ಗು ದೀಪದ್ದೋ ಕ್ಯಾಮೆರಾದ್ದೋ? ಅದೇ ಪೆಟ್ಟಿಗೆಯಲ್ಲಿ ತಂತಿಯುರಿಯುವ ಹಳೆಯ ಬಲ್ಬನ್ನು ನೋಡಿ. ಅದರ ಬೆಳಕು ಎಲ್ಲೂ ಕಡಿಯದೆ ಹರಿಯುತ್ತದೆ. ಅಲ್ಲಿಯೂ ಅದೇ ಜಾಗದಲ್ಲಿ ಕಪ್ಪಾದರೆ ಅಷ್ಟರಮಟ್ಟಿಗೆ ದೋಷ ಕ್ಯಾಮೆರಾದ್ದು. "ಅದೇ ಜಾಗ" ಎಂದು ಹೇಳಬೇಕಾದರೂ ಜಾಗಕ್ಕೆ ಅಂಕಿ ಬೇಕು! ಸುತ್ತಿ ಬಳಸಿ ಎಲ್ಲಿಗೆ ಬಂದೆವು ನೋಡಿ.

ಮಕ್ಕಳಿಗೆ ಬೆರಗು ಸಾಕು, ಲೆಕ್ಕ ಏಕೆ ಎಂಬುದು ಕೊನೆಯ ವಾದ. ಇದನ್ನು ನಾನು ಒಪ್ಪುವುದೇ ಇಲ್ಲ. ತಾನೇ ಕತ್ತರಿಸಿದ ರಟ್ಟಿನಿಂದ 589 ಎಂಬ ಅಂಕಿಯನ್ನು ತೆಗೆದ ಮಗುವಿನ ಬೆರಗು ದೊಡ್ಡದು. ಅಂಕಿ ಬೇಕು, ಬೇಕೇ ಬೇಕು.

ಮುಂದಿನ ಸಂಚಿಕೆಯಲ್ಲಿ ನಿಮ್ಮ ಚಿತ್ರಗಳನ್ನು ತೋರಿಸಲಿದ್ದೇನೆ, ಆದ್ದರಿಂದ ಈ ವಾಹಿನಿಗೆ ಇನ್ನೂ ಚಂದಾದಾರರಾಗದವರು ಈಗಲೇ ಆಗಿ. ಚಿತ್ರ ಮಸುಕಾಗಿದ್ದರೂ ಕಳುಹಿಸಿ, ಓರೆಯಾಗಿದ್ದರೂ ಕಳುಹಿಸಿ. ಜೊತೆಗೆ ನೀಲಿ ಗೆರೆ ಎಷ್ಟನೇ ಪಿಕ್ಸೆಲ್, ಹಸಿರು ಗೆರೆ ಎಷ್ಟನೇ ಪಿಕ್ಸೆಲ್ ಎಂಬುದನ್ನು ಬರೆದಿರಬೇಕು. ಆ ಎರಡು ಅಂಕಿಗಳಿಲ್ಲದ ಚಿತ್ರ ಎಷ್ಟೇ ಸುಂದರವಾಗಿದ್ದರೂ ನಾನು ತೋರಿಸುವುದಿಲ್ಲ.